ಹಳೇ ಹಾಯಿದೋಣಿಯ ಮೆತ್ತಗಾದ ಡೆಕ್ ನಾನೇ ಸರಿಮಾಡಿದ್ದು

ಹಳೆಯ ಹಾಯಿದೋಣಿ ನೋಡಲು ಹೋದವರು ಹಾಯಿ ಹರಿದಿದೆಯಾ, ತಳ ಬಿರುಕು ಬಿಟ್ಟಿದೆಯಾ ಅಂತ ನೋಡುತ್ತಾರೆ. ಕೈಸುಡುವ ಕೆಲಸ ಅಡಗಿರುವುದು ಹೆಚ್ಚಾಗಿ ಡೆಕ್, ಅಂದರೆ ನಾವು ಕಾಲಿಟ್ಟು ಓಡಾಡುವ ಮೇಲ್ಹಾಸಿನ ಒಳಗೆ. ನಾನು ಕೊಂಡ ಸಣ್ಣ ಫೈಬರ್‌ಗ್ಲಾಸ್ ದೋಣಿಯಲ್ಲೂ ಅದೇ ಇತ್ತು. ಕೊಳ್ಳುವಾಗಲೇ ಗೊತ್ತಿತ್ತು, ಅದಕ್ಕೇ ಅಗ್ಗಕ್ಕೆ ಸಿಕ್ಕಿತು.

ಇಂಥ ಎಷ್ಟೋ ದೋಣಿಗಳ ಡೆಕ್ ಮೂರು ಪದರದ್ದು. ಮೇಲೊಂದು ಕೆಳಗೊಂದು ತೆಳು ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಮರ. ಹಗುರ, ಆದರೂ ಬಾಗುವುದಿಲ್ಲ. ಆದರೆ ಕ್ಲೀಟು (ಹಗ್ಗ ಕಟ್ಟುವ ಗೂಟ), ರೇಲಿಂಗು ಏನೇ ಕೂರಿಸಿದರೂ ಬೋಲ್ಟ್ ಈ ಮೂರನ್ನೂ ತೂರಿ ಹೋಗಬೇಕು. ವರ್ಷಗಳು ಕಳೆದಂತೆ ಬೋಲ್ಟಿನ ಸುತ್ತ ನೀರು ತಡೆಯಲು ಮೆತ್ತಿದ ಸೀಲಂಟ್ ಬಿಟ್ಟುಕೊಳ್ಳುತ್ತದೆ. ನೀರು ಬಾಲ್ಸಾಕ್ಕೆ ಇಳಿಯುತ್ತದೆ, ಹೊರಬರಲು ದಾರಿಯಿಲ್ಲ.

ಸ್ಕ್ರೂಡ್ರೈವರಿನ ಹಿಡಿಯಿಂದ ಡೆಕ್ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಇದ್ದ ಕಡೆ ಟಕ್ ಅಂತ ಚುರುಕು ಸದ್ದು. ಮುಂದಿನ ಕ್ಲೀಟುಗಳ ಸುತ್ತ ಮಾತ್ರ ಡಬ್ ಅಂತ ಮಂಕು ಸದ್ದು. ಅಲ್ಲಿ ಸಣ್ಣ ತೂತು ಕೊರೆದರೆ ಕಂದು ಬಣ್ಣದ ಒದ್ದೆ ಹುಡಿ ಬಂತು. ಒಣಗಿದ ತಿಳಿ ಹುಡಿ ಬರುವವರೆಗೂ ತೂತು ಕೊರೆದು ಗಡಿ ಗುರುತು ಮಾಡಿದೆ. ಆ ಗಡಿ ನಾವಂದುಕೊಂಡದ್ದಕ್ಕಿಂತ ಯಾವಾಗಲೂ ದೊಡ್ಡದೇ!

ಕತ್ತರಿಸುವ ಕೈ ಗ್ರೈಂಡರಿನಿಂದ ಮೇಲಿನ ಫೈಬರ್‌ಗ್ಲಾಸ್ ಹಾಳೆಯನ್ನಷ್ಟೇ ಕತ್ತರಿಸಿ ಎತ್ತಿಟ್ಟೆ. ಕೊಳೆತ ಮರ ಉಳಿಯಿಂದ ಕೆರೆದೆ. ಆಮೇಲೆ ಸುಮ್ನೆ ಒಣಗಲು ಬಿಡಬೇಕು. ಇಲ್ಲಿ ಅವಸರ ಮಾಡಿದರೆ ಒದ್ದೆಯನ್ನೇ ಒಳಗಿಟ್ಟು ಮುಚ್ಚಿದಂತೆ. ಹೊಸ ಬಾಲ್ಸಾಕ್ಕೆ ಮೊದಲು ತೆಳು ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಕುಡಿಸಿದೆ. ನಂತರ ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ, ಚಮಚ ಮಗುಚಿದರೂ ಬೀಳದಷ್ಟು ಗಟ್ಟಿ ಮಾಡಿ, ಅದರಲ್ಲಿ ಬಾಲ್ಸಾ ಕೂರಿಸಿದೆ. ಕ್ಲೀಟಿನ ಕೆಳಗೆ ಮಾತ್ರ ಬಾಲ್ಸಾ ಬೇಡ, ಬೋಲ್ಟ್ ಬಿಗಿದರೆ ಜಜ್ಜಿಹೋಗುತ್ತದೆ. ಅಲ್ಲಿ ಮರೈನ್ ಪ್ಲೈವುಡ್ ಹಾಕಿದೆ. ಹಳೇ ಹಾಳೆಯನ್ನೇ ಮತ್ತೆ ಅಂಟಿಸಿ ಭಾರ ಹೇರಿದೆ.

ಕತ್ತರಿಸಿದ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿದೆ. ಅಂದರೆ 3 ಮಿಲಿಮೀಟರ್ ಹಾಳೆಗೆ 36 ಮಿಲಿಮೀಟರ್. ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಜೋಡಣೆಯ ಬಲವೆಲ್ಲ ಆ ಅಗಲದಲ್ಲೇ ಇದೆ. ಅದರ ಮೇಲೆ ಎಪಾಕ್ಸಿಯಲ್ಲಿ ನೆನೆಸಿದ ಗ್ಲಾಸ್ ಬಟ್ಟೆಯ ಪದರಗಳು.

ಎಪಾಕ್ಸಿಗೆ ಹಾರ್ಡ್ನರ್ (ಅದನ್ನು ಗಟ್ಟಿಮಾಡುವ ಎರಡನೇ ದ್ರವ) ಹೆಚ್ಚು ಸುರಿದರೆ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಡಬ್ಬಿ ಮೇಲಿನ ಅಳತೆ ತೂಕದ್ದೋ ಗಾತ್ರದ್ದೋ ನೋಡಿಕೊಳ್ಳಿ, ಎರಡೂ ಒಂದಲ್ಲ. ಆಳದ ಲೋಟದಲ್ಲಿ ಬಿಟ್ಟರೆ ಬಿಸಿಯೇರಿ ಹೊಗೆ ಬರುತ್ತದೆ, ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಗಟ್ಟಿಯಾದ ಮೇಲೆ ಕೆಲವು ಎಪಾಕ್ಸಿಗಳ ಮೇಲೆ ಜಿಡ್ಡಿನ ಪೊರೆ ಕೂರುತ್ತದೆ. ಉಜ್ಜುವ ಮೊದಲು ನೀರು ಹಾಕಿ ತಿಕ್ಕಿ ತೊಳೆಯಬೇಕು. ಇಲ್ಲದಿದ್ದರೆ ಮುಂದಿನ ಪದರ ಹಿಡಿಯುವುದಿಲ್ಲ. ಬಿಸಿಲು ಎಪಾಕ್ಸಿಯನ್ನು ಹಾಳುಮಾಡುವುದರಿಂದ ಮೇಲೆ ಬಣ್ಣವೂ ಬೇಕು. ಮಾಸ್ಕ್, ಕೈಗವಸು ಬಿಟ್ಟು ಈ ಕೆಲಸಕ್ಕೆ ಇಳಿಯಲೇಬೇಡಿ.

ಇಷ್ಟೆಲ್ಲ ಮಾಡಿ ಮತ್ತೆ ಹಳೇ ರೀತಿಯಲ್ಲೇ ತೂತು ಕೊರೆದರೆ ನೀರು ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಪ್ರತಿ ತೂತನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದೆ. ಈಗ ಸೀಲಂಟ್ ಸೋತರೂ ನೀರು ಮರ ಮುಟ್ಟುವುದಿಲ್ಲ. ಸೀಲಂಟ್ ಆಗಿ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಹಾಕಿದೆ. ಸಿಲಿಕೋನ್ ನನಗೆ ಆಗದು, ಒಮ್ಮೆ ಮೆತ್ತಿದ ಜಾಗಕ್ಕೆ ಬೇರೇನೂ ಅಂಟುವುದಿಲ್ಲ. ಬ್ಯೂಟೈಲ್ ಇದ್ದರೆ ಒಂದೇ ಸಲಕ್ಕೆ ಬಿಗಿಯಬಾರದು. ಸ್ವಲ್ಪ ಬಿಗಿದು, ಅದು ಹಿಂಡಿಕೊಂಡು ಹೊರಬರಲು ಬಿಟ್ಟು, ಮತ್ತೆ ಬಿಗಿಯಬೇಕು.

ಹಾಯಿಯಲ್ಲಿ ಬಟ್ಟೆಗಿಂತ ಮೊದಲು ದಾರ ಬಿಸಿಲಿಗೆ ಸತ್ತಿತ್ತು. ಹಳೇ ತೂತುಗಳಲ್ಲೇ ಪಾಲಿಯೆಸ್ಟರ್ ದಾರ ಹಾಕಿ ಕೈಯಲ್ಲೇ ಹೊಲಿದೆ. ಕಂಬ ಹಿಡಿದಿಡುವ ಸ್ಟೀಲ್ ತಂತಿಗಳ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಒಂದರ ಬುಡದಲ್ಲಿ ಒಂದು ಎಳೆ ಕಿತ್ತಿತ್ತು. ಅದರ ರಿಪೇರಿಗೆ ಹೋಗಲಿಲ್ಲ, ಅಷ್ಟನ್ನೂ ಬಿಚ್ಚಿ ಹೊಸದು ಹಾಕಿಸಿದೆ.