ಕನ್ನಡ ಎಂ.ಎ.ಗೆ ಹಾಕಿದ ದುಡ್ಡು ವಾಪಸ್ ಬಂತಾ? ನನ್ನ ನೋಟ್‌ಬುಕ್ಕಿನ ಲೆಕ್ಕ

ಕಲಬುರಗಿಯಲ್ಲಿ ಕನ್ನಡ ಎಂ.ಎ. ಮಾಡಿದವರಿಗೆ ಎರಡೇ ಪ್ರಶ್ನೆ. ಬಿ.ಎಡ್. ಆಗ್ಯದಾ? ಕೆ-ಸೆಟ್ (ಕಾಲೇಜಿನಲ್ಲಿ ಪಾಠ ಮಾಡಲು ರಾಜ್ಯದ ಅರ್ಹತಾ ಪರೀಕ್ಷೆ) ಆಗ್ಯದಾ? ಬರೆದುಕೊಂಡೇ ಬದುಕ್ತೀನಿ ಅಂದರೆ ಮೂರನೇ ಪ್ರಶ್ನೆ ಯಾರೂ ಕೇಳಲ್ಲ. ನನ್ನ ಸೋದರಮಾವ ಅಂತೂ ಮುಖದ ಮೇಲೇ ಅಂದಿದ್ದರು, "ಕನ್ನಡ ಓದಿ ಏನ್ ಕಡದು ಕಟ್ಟಿ ಹಾಕ್ತೀಪಾ?" ಅವರ ಬಾಯಿ ಮುಚ್ಚಿಸಲಿಕ್ಕೆಂದೇ ಲೆಕ್ಕ ಬರೆಯಲು ಶುರು ಮಾಡಿದೆ. ಈಗ ಅವರೇ ಮಗಳ ಅಡ್ಮಿಷನ್ ಹೊತ್ತಿಗೆ ನನ್ನ ಹತ್ತಿರ ಬಂದು ಲೆಕ್ಕ ಹಾಕಿಸಿಕೊಂಡು ಹೋಗಿದ್ದಾರೆ.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದ್ದು 2018ರಲ್ಲಿ. ಫೀಸು, ಹಾಸ್ಟೆಲು, ಮೆಸ್ಸು, ಪುಸ್ತಕ ಎಲ್ಲ ಸೇರಿ ಎರಡು ವರ್ಷಕ್ಕೆ 85 ಸಾವಿರದ ಆಸುಪಾಸು ಖರ್ಚು. ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ನಾನು ನಿಲ್ಲಿಸಲಿಲ್ಲ. ಊರಿನ ಸೂಪರ್ ಮಾರ್ಕೆಟ್ ಏರಿಯಾದ ಕಡೆ ಡಿಟಿಪಿ (ಟೈಪಿಂಗ್, ಪುಟ ಜೋಡಣೆಯ) ಅಂಗಡಿಯೊಂದರಲ್ಲಿ ತಿಂಗಳಿಗೆ 8 ಸಾವಿರ ಕೊಡ್ತೀವಿ ಬಾ ಅಂದಿದ್ದರು. ಅದನ್ನು ಬಿಟ್ಟು ಓದಲು ಹೋದದ್ದು. ಎರಡು ವರ್ಷದ ಆ ಪಗಾರ 1.9 ಲಕ್ಷ ಆಗುತ್ತೆ. ಅಂದರೆ ಡಿಗ್ರಿಯ ನಿಜವಾದ ಬೆಲೆ ಎರಡೂಮುಕ್ಕಾಲು ಲಕ್ಷ.

ಮೊದಲು ನಾನು ಬಂದ ದುಡ್ಡನ್ನೆಲ್ಲ ಎಂ.ಎ. ಖಾತೆಗೆ ಜಮಾ ಮಾಡ್ತಿದ್ದೆ. ಬ್ಯಾಂಕಿನಲ್ಲಿರೋ ಗೆಳೆಯ ನೋಡಿ ನಕ್ಕ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ಅರ್ಜಿ ಟೈಪ್ ಮಾಡಿದ ದುಡ್ಡು ಎಂ.ಎ.ಯಿಂದ ಬಂತಾ? ಪಿಯುಸಿ ಫೇಲಾದ ಹುಡುಗ ನನಗಿಂತ ಜೋರಾಗಿ ಟೈಪ್ ಮಾಡ್ತಾನೆ. ಅಲ್ಲಿಂದ ದಾರಿ ಬದಲಿಸಿದೆ. ಪ್ರತಿ ಕೆಲಸಕ್ಕೂ ಮೂರು ಕಾಲಂ. ಅಂಗಡಿಯವನ ರೇಟು, ನನ್ನ ರೇಟು, ನಡುವಿನ ವ್ಯತ್ಯಾಸ. ವ್ಯತ್ಯಾಸ ಮಾತ್ರ ಎಂ.ಎ. ಖಾತೆಗೆ. ಅಂಗಡಿಯವರು ಮುಟ್ಟದೇ ಇರೋ ಕೆಲಸವಾದರೆ ಅರ್ಧ ಮಾತ್ರ ಹಾಕ್ತೀನಿ. ಉಳಿದ ಅರ್ಧ ನನ್ನ ಕಣ್ಣು, ಸೊಂಟದ ಪಾಲು. "ಇದೆಂಥ ಲೆಕ್ಕ, ಯಾವ ಪುಸ್ತಕದಲ್ಲಿದೆ?" ಅಂತ ಗೆಳೆಯ ಆಮೇಲೂ ಅಂದ. ಅನ್ನಲಿ.

ಶುರುವಿನ ವರ್ಷಗಳು ಕೆಟ್ಟದಾಗಿದ್ದವು. ಅತಿಥಿ ಉಪನ್ಯಾಸಕನಾಗಿ ತಿಂಗಳಿಗೆ 11 ಸಾವಿರ, ಅದೂ ವರ್ಷದಲ್ಲಿ 10 ತಿಂಗಳು. ಅಷ್ಟೊತ್ತಿಗೆ ಅಂಗಡಿಯ ಪಗಾರ 10 ಸಾವಿರಕ್ಕೆ ಏರಿತ್ತು, 12 ತಿಂಗಳೂ ಬರ್ತಿತ್ತು. ಗುಣಿಸಿ ನೋಡಿ: ಡಿಗ್ರಿಯ ಲಾಭ ಮೈನಸ್ 10 ಸಾವಿರ! ಪೇಪರೊಂದಕ್ಕೆ ವಾರದ ಅಂಕಣ ಬರೆದೆ. ಹೆಸರು ಬಂತು, ಫೋಟೋ ಬಂತು, ದುಡ್ಡು ಮಾತ್ರ ಬರಲಿಲ್ಲ. ಯೂಟ್ಯೂಬಿಗೆ ಸ್ಕ್ರಿಪ್ಟ್ ಬರೆಸಿಕೊಂಡವನು ಮೂರನೇ ಕಂತಿಗೆ ಫೋನ್ ಎತ್ತೋದು ಬಿಟ್ಟ. 2020ರ ಫೆಬ್ರುವರಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಮ್ಮ ಊರಲ್ಲೇ ಅಂತ ಹುರುಪಿನಿಂದ ಸ್ವಂತ ಕಥೆಗಳ ಪುಸ್ತಕ 500 ಪ್ರತಿ ಹಾಕಿಸಿದೆ. 38 ಸಾವಿರ ಕೈಬಿಟ್ಟಿತು. ಜನ ನೂಕುನುಗ್ಗಲು, ಆದರೆ ನಮ್ಮ ಪುಸ್ತಕ 60-70 ಹೋದರೆ ಹೆಚ್ಚು. ಮುಂದಿನ ತಿಂಗಳೇ ಲಾಕ್‌ಡೌನ್. ಇದು ಡಿಗ್ರಿಯ ನಷ್ಟ ಅಲ್ಲ, ಬೇರೆ ಬರೀತೀನಿ ಅಂದೆ. ಮನೆಯವಳು ಬಿಡಲಿಲ್ಲ. "ಎಂ.ಎ. ಮಾಡಿರಲಿಲ್ಲಂದ್ರ ಈ ಹುಚ್ಚು ಇರ್ತಿತ್ತೇನು? ಅದನ್ನೂ ಅದರ ಲೆಕ್ಕಕ್ಕೇ ಹಚ್ರಿ." ಹಚ್ಚಿದೆ.

ದಾರಿ ತೆರೆದದ್ದು ಪಿಎಚ್.ಡಿ. ಪ್ರಬಂಧಗಳಿಂದ. ನುಡಿಯ ಹಳೆಯ ಫೈಲನ್ನು ಯುನಿಕೋಡಿಗೆ (ಈಗ ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ನಡೆಯೋ ಅಕ್ಷರ ಪದ್ಧತಿಗೆ) ತಂದಾಗ ಅರ್ಕಾವತ್ತು ಜಾಗ ಬಿಟ್ಟು ಓಡುತ್ತೆ, ಕರ್ನಾಟಕ ಹೋಗಿ 'ಕನಾರ್ಟಕ' ಆಗುತ್ತೆ. ಅಷ್ಟನ್ನು ಅಂಗಡಿ ಹುಡುಗರೂ ಸರಿ ಮಾಡ್ತಾರೆ, ಪುಟಕ್ಕೆ 12 ರೂಪಾಯಿ. ಆದರೆ ಹಳಗನ್ನಡದ ಪದ್ಯ ಬಂತೋ, ಅವರು ಕೈಯೆತ್ತಿದರು. ಈಗ ಬಳಕೆಯಲ್ಲಿಲ್ಲದ ಹಳೆಯ ಅಕ್ಷರ ೞ ಇರೋ ಕಡೆ ಳ, ಱ ಇರೋ ಕಡೆ ರ ಒತ್ತಿ ಮುಂದೆ ಹೋಗ್ತಾರೆ. ಕಂದಪದ್ಯದಲ್ಲಿ ಒಂದು ಮಾತ್ರೆ ತಪ್ಪಿದ್ದರೂ ಗೊತ್ತಾಗಲ್ಲ. ನನಗೆ ನಾಲ್ಕು ಮಾತ್ರೆಯ ಗಣ ಎಣಿಸಿದ ಕೂಡಲೇ ಅಕ್ಷರ ಎಲ್ಲಿ ಬಿದ್ದಿದೆ ಅಂತ ಸಿಗುತ್ತೆ. ಪುಟಕ್ಕೆ 30 ತಗೊಳ್ತೀನಿ. 18 ರೂಪಾಯಿ ವ್ಯತ್ಯಾಸ, 250 ಪುಟ, ಒಂದು ಪ್ರಬಂಧಕ್ಕೆ ನಾಲ್ಕೂವರೆ ಸಾವಿರ. ಬೀದರ್, ಯಾದಗಿರಿಯಿಂದಲೂ ಕಳಿಸ್ತಾರೆ. ವರ್ಷಕ್ಕೆ ಹದಿನೈದು, ಇಪ್ಪತ್ತು ಬರುತ್ತವೆ. ತರಿಸೋದು ಯಾರು? ನನ್ನ ಬ್ಯಾಚಿನವರೇ. ಹಾಸ್ಟೆಲಿನ ಗೆಳೆತನಕ್ಕೆ ಕಾಲಂ ಇಲ್ಲ, ಇದ್ದಿದ್ದರೆ ಅದೇ ದೊಡ್ಡದಾಗ್ತಿತ್ತು.

ಅಭಿನಂದನ ಗ್ರಂಥದ ಸಂಪಾದನೆಗೆ ಇನ್ನೂ ಚೆನ್ನಾಗಿ ಸಿಗುತ್ತೆ, 40-50 ಸಾವಿರ. ರೇಟು ಯಾವಾಗ, ಯಾರ ಎದುರಿಗೆ ಹೇಳ್ತೀನಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಪ್ರಯೋಗ. ನಮ್ಮ ಭಾಗದಲ್ಲಿ ನಿಜಾಮರ ಕಾಲದ ಜಮೀನು ಕಾಗದ ಉರ್ದುವಿನಲ್ಲಿವೆ, ಮೊಮ್ಮಕ್ಕಳಿಗೆ ಓದಲು ಬರಲ್ಲ. ರಿಟೈರ್ ಆದ ಉರ್ದು ಮಾಸ್ತರರೊಬ್ಬರನ್ನು ಹಿಡಿದೆ. ಅವರು ಓದಿ ಹೇಳಬೇಕು, ನಾನು ಕನ್ನಡದಲ್ಲಿ ಬರೀಬೇಕು, ಹಾಳೆಗೆ 300, ಇಬ್ಬರಿಗೂ ಅರ್ಧರ್ಧ. ನಾಲ್ಕೈದು ತಿಂಗಳು ಚೆನ್ನಾಗಿ ನಡೀತು. ಮಾಸ್ತರರ ಕಣ್ಣಿನ ಆಪರೇಷನ್ ಆದಮೇಲೆ ನಿಂತುಹೋಯಿತು. ಎಂ.ಎ. ಖಾತೆಗೆ ಇದರಿಂದ ಸೊನ್ನೆ. ಓದಿದವರು ಅವರಲ್ವಾ?

ಬೆಂಗಳೂರಿನ ಏಜೆನ್ಸಿಗಳ ಅನುವಾದದಿಂದಲೂ ಎಂ.ಎ.ಗೆ ಬಂದದ್ದು ಕಡಿಮೆಯೇ. ಪದಕ್ಕೆ 60 ಪೈಸೆಯಿಂದ ಶುರುವಾಗಿ ಈಗ ಒಂದೂಕಾಲು ರೂಪಾಯಿ. ಅವರು ಸ್ಯಾಂಪಲ್ ನೋಡ್ತಾರೆ, ಸರ್ಟಿಫಿಕೇಟ್ ಕೇಳಲ್ಲ. ಒಂದು ಮಾತು: ಅವರು ಕೊಡೋ ಮೊದಲೇ ತೆರಿಗೆ ಅಂತ ಹಿಡಿಯೋ 10 ಪರ್ಸೆಂಟ್ ಟಿಡಿಎಸ್ ಬಿಡಬೇಡಿ. ನಮ್ಮಂಥವರ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದರೆ ವಾಪಸ್ ಬರುತ್ತೆ. ನಮ್ಮ ಕಡೆ ಸುಮಾರು ಜನ ಸುಮ್ನೆ ಬಿಟ್ಟುಬಿಡ್ತಾರೆ.

2022ರಲ್ಲಿ ಅತಿಥಿ ಉಪನ್ಯಾಸಕರ ಗೌರವಧನ 11-13 ಸಾವಿರದಿಂದ, ಅರ್ಹತೆ ನೋಡಿ, 26ರಿಂದ 32 ಸಾವಿರಕ್ಕೆ ಏರಿತು. ಕೆ-ಸೆಟ್ ಆಗಿದ್ದರಿಂದ ನನಗೆ 30 ಬಂತು. 10 ತಿಂಗಳಿಗೆ 3 ಲಕ್ಷ. ಅಂಗಡಿಯ ಪಗಾರ ವರ್ಷಕ್ಕೆ 1.7 ಲಕ್ಷದ ಹತ್ತಿರ. ಒಂದೇ ವರ್ಷಕ್ಕೆ 1.3 ಲಕ್ಷ ಎಂ.ಎ. ಖಾತೆಗೆ ಬಿತ್ತು. 2023ರ ಕೊನೆಗೆ ಎರಡೂಮುಕ್ಕಾಲು ಲಕ್ಷ ತೀರಿತು. ಪುಸ್ತಕದ ನಷ್ಟ ಹಚ್ಚಿದರೆ 2024 ಆಯಿತು.

ಇದೇ ಲೆಕ್ಕ ನನ್ನ ಬ್ಯಾಚಿನ ಇಬ್ಬರು ಹಾಕಿದರು. ಒಬ್ಬನಿಗೆ ಸರಿ ಕೂಡಿತು. ಇನ್ನೊಬ್ಬ ವಿಮೆ ಪಾಲಿಸಿ ಮಾಡಿಸ್ತಾನೆ, ನನಗಿಂತ ಜಾಸ್ತಿ ದುಡೀತಾನೆ, ಎಂ.ಎ. ಕಾಲಂನಲ್ಲಿ ಮಾತ್ರ ಏನೂ ಇಲ್ಲ. ನಾನಂತೂ ವ್ಯತ್ಯಾಸ ಇಲ್ಲದ ಕೆಲಸ ಬಿಟ್ಟಿದ್ದೇನೆ. ಅರ್ಜಿ, ಬಯೋಡೇಟಾ, ಲಗ್ನಪತ್ರಿಕೆ ಎಲ್ಲ ಆ ಅಂಗಡಿಗೇ ಕಳಿಸ್ತೀನಿ. ಅಲ್ಲಿಂದ ಹಳಗನ್ನಡ ನನ್ನ ಹತ್ತಿರ ಬರುತ್ತೆ.

ಈಗ ಪಿಎಚ್.ಡಿ. ಮಾಡು ಅಂತಿದ್ದಾರೆ. ಲೆಕ್ಕ ಹಾಕಿದೆ. ನೆಟ್ ಪರೀಕ್ಷೆಯಲ್ಲಿ ಮುಂದಿದ್ದವರಿಗೆ ಸಂಶೋಧನೆಗೆ ಕೊಡೋ ಜೆ.ಆರ್.ಎಫ್. ಫೆಲೋಶಿಪ್, ತಿಂಗಳಿಗೆ 37 ಸಾವಿರದ್ದು, ಸಿಕ್ಕರೆ ಮೊದಲ ವರ್ಷದಿಂದಲೇ ಲಾಭ, ಸಿಗದಿದ್ದರೆ ಎಷ್ಟು ಎಳೆದಾಡಿದರೂ ಕೂಡಲ್ಲ. ಅದಕ್ಕೆ ಪಿಎಚ್.ಡಿ. ಫಾರ್ಮ್ ತುಂಬಿಲ್ಲ, ನೆಟ್ ಫಾರ್ಮ್ ತುಂಬಿದ್ದೇನೆ.