ಪುಣೆಗೆ ಕಳಿಸುವ ಮೊದಲು ಕಪ್ಲರ್ ನೋಡಿ

ಪಂಪ್‌ನ ಎಣ್ಣೆಯ ಒತ್ತಡದಿಂದ ದೊಡ್ಡ ನಟ್ಟು ಬಿಗಿಯುವ ಹೈಡ್ರಾಲಿಕ್ ಟಾರ್ಕ್ ರೆಂಚ್ ನಟ್ಟು ತಿರುಗಿಸುವುದನ್ನು ನಿಲ್ಲಿಸಿದರೆ ಕಾರವಾರದ ಸೈಟುಗಳಲ್ಲಿ ಕೇಳಿಬರುವ ಮಾತು ಒಂದೇ: "ಸೀಲ್ ಹೋಗಿದೆ, ಪುಣೆಗೆ ಕಳಿಸಿ." ಸಾಗಣೆ, ಸೀಲ್ ಕಿಟ್, ಮಜೂರಿ ಸೇರಿ ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲ. ಅದು ಮರಳುವವರೆಗೆ ಬಾಡಿಗೆಗೆ ತರುವ ರೆಂಚ್‌ನ ಖರ್ಚು ಬೇರೆ. ಬಿಣಗಾದ ನನ್ನ ಶೆಡ್ಡಿಗೆ ಬರುವ ಹತ್ತರಲ್ಲಿ ಏಳನ್ನು ನಾನು ಬಿಚ್ಚುವುದೇ ಇಲ್ಲ. ಮೊದಮೊದಲು ಇದನ್ನು ಹೇಳಿದಾಗ ಒಬ್ಬ ಹಿರಿಯ ಫೋರ್‌ಮನ್, "ಮುಟ್ಟಿ ರೋಗ ಹೇಳಲು ನೀನೇನು ನಾಡಿ ವೈದ್ಯನೇ?" ಎಂದು ಎಲ್ಲರೆದುರು ನಕ್ಕಿದ್ದರು.

ನಾನು ಮಾಡುವುದು ಇಷ್ಟೇ. ಹೋಸ್‌ಗಳನ್ನು ತೆಗೆದು ಪಂಪ್ ಒಂದನ್ನೇ ಓಡಿಸಿ ಒತ್ತಡ 700 ಬಾರ್‌ಗೆ ಏರುತ್ತದೆಯೇ ನೋಡುತ್ತೇನೆ. ಆಮೇಲೆ ಹೋಸ್ ಸೇರಿಸಿ, ಕೊನೆಗೆ ರೆಂಚ್ ಸೇರಿಸಿ. ಗೇಜಿನ ಮುಳ್ಳು ಎಲ್ಲಿ ಮುಗ್ಗರಿಸುತ್ತದೋ ದೋಷ ಅಲ್ಲಿದೆ. ಕಾಲು ಗಂಟೆಯ ಕೆಲಸ.

ಬಹಳಷ್ಟು ಸಲ ಸಿಕ್ಕಿಬೀಳುವುದು ರಿಟ್ರ್ಯಾಕ್ಟ್ ಬದಿಯ, ಅಂದರೆ ಪಿಸ್ಟನ್ನನ್ನು ಹಿಂದಕ್ಕೆ ತರುವ ಬದಿಯ ಕಪ್ಲರ್ (ಹೋಸ್ ಜೋಡಿಸುವ ತಿರುಪಿನ ಕೊಂಡಿ). ಸಮುದ್ರದಿಂದ ದೂರದ ದಾಂಡೇಲಿಯಿಂದ ಬರುವ ರೆಂಚ್‌ಗಳಲ್ಲಿ ಈ ತೊಂದರೆ ಅಪರೂಪ. ಬೈತಖೋಲದ ಬಂದರಿನಲ್ಲಿ ಒಂದು ಮಳೆಗಾಲ ಕಳೆದ ಕಪ್ಲರ್‌ನ ಮರೆಯಲ್ಲಿ (ತಿರುಪಿನ ಸುತ್ತುಗಳಲ್ಲಿ) ಉಪ್ಪು ಕೂತಿರುತ್ತದೆ. ಕೈಗೆ ಬಿಗಿಯಾದಂತೆ ತೋರಿದರೂ ಒಳಗಿನ ಗುಂಡು ಪೂರ್ತಿ ಸರಿದಿರುವುದಿಲ್ಲ. ಮುಂದೆ ಹೋಗುವ ಪಿಸ್ಟನ್‌ನ ಮುಂದಿರುವ ಎಣ್ಣೆಗೆ ಹೊರಹೋಗಲು ದಾರಿಯಿಲ್ಲ. ಆ ಬದಿಯ ವಿಸ್ತೀರ್ಣ ಕಡಿಮೆಯಾದ್ದರಿಂದ ಅಲ್ಲಿನ ಒತ್ತಡ ಪಂಪ್‌ನ ಒತ್ತಡವನ್ನೂ ಮೀರುತ್ತದೆ, ಒಳ್ಳೆಯ ಸೀಲೂ ಹರಿಯುತ್ತದೆ. ಹಾಗಾಗಿ ಹೊಸ ಕಿಟ್ ಹಾಕಿದರೂ ವಾರದೊಳಗೆ ಮತ್ತೆ ಅದೇ ಗೋಳು. ಒತ್ತಡ ಇಳಿಸಿ, ಮರೆಯನ್ನು ಬ್ರಷ್‌ನಿಂದ ಉಜ್ಜಿ, ಒಂದು ಸುತ್ತೂ ಕಾಣದಷ್ಟು ತಿರುಗಿಸಿದರೆ ಮುಗಿಯಿತು. ಮಳೆಗಾಲಕ್ಕೆ ಮುನ್ನ ಆ ಮರೆಗೆ ನಾನು ಏನು ಸವರುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದು ನನ್ನ ಅನ್ನ.

ಎರಡನೆಯ ಕಳ್ಳ ವಿದ್ಯುತ್ ತಂತಿ. ಅರುವತ್ತು ಎಪ್ಪತ್ತು ಮೀಟರ್ ತೆಳು ವೈರ್ ಎಳೆದರೆ ಪ್ಯಾನೆಲ್ಲಿನ 230 ವೋಲ್ಟ್ ಪಂಪ್ ಬಳಿ 180ರ ಆಸುಪಾಸು. ಮೋಟಾರು ಗುಂಯ್‌ಗುಡುತ್ತದೆ, ಒತ್ತಡ ಮುನ್ನೂರು ನಾನೂರರಲ್ಲೇ ನಿಲ್ಲುತ್ತದೆ. ನಾಲ್ಕು ಚದರ ಮಿಲಿಮೀಟರ್ ಕೇಬಲ್‌ಗೆ ಹತ್ತು ಸಾವಿರ ಸುರಿದೆ, ಒಂದೇ ಕೆಲಸದಲ್ಲಿ ವಸೂಲಾಯಿತು.

ಸೀಲ್ ನಿಜವಾಗಿಯೂ ಹೋದಾಗ ಅಗ್ಗಕ್ಕೆ ಕೈ ಹಾಕಬೇಡಿ. ಒಬ್ಬ ಗುತ್ತಿಗೆದಾರರು ಹಟ ಹಿಡಿದು ಬೈಕ್ ಅಂಗಡಿಯ ಓ-ರಿಂಗ್ ತಂದು ಹಾಕಿಸಿದರು. ಅಳತೆ ಸರಿಯಿತ್ತು, ಓ-ರಿಂಗ್ ಸಂದಿಗೆ ನುಗ್ಗದಂತೆ ತಡೆಯುವ ಗಟ್ಟಿ ಬ್ಯಾಕಪ್ ರಿಂಗ್ ಇರಲಿಲ್ಲ. ಆ ಒತ್ತಡಕ್ಕೆ ಅದು ಸಂದಿಯಲ್ಲಿ ಹಿಸಿದು ಪಟ್ಟಿ ಪಟ್ಟಿಯಾಗಿ ಹೊರಬಂತು, ಸಿಲಿಂಡರ್‌ನ ಎಣ್ಣೆಯೆಲ್ಲ ಚೂರುಮಯ. ಇನ್ನೂರು ರೂಪಾಯಿ ಉಳಿಸಲು ಆರೇಳು ಸಾವಿರ ಹೋಯಿತು.

ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಬದಲಿಸಿ. ಅದನ್ನು ಬಿಸಿಮಾಡಿ ತಿಳಿಯಾಗಿಸಲು ನಾನೂ ಪ್ರಯತ್ನಿಸಿದೆ. ತಿಳಿಯಾಯಿತು, ಆದರೆ ಹೊತ್ತಿಸಿದ ಗ್ಯಾಸಿನ ಲೆಕ್ಕ ಹಾಕಿದರೆ ಹೊಸ ಎಣ್ಣೆಯೇ ಅಗ್ಗ. ಇನ್ನೊಂದು ಪ್ರಯೋಗ ಹೆಚ್ಚು ಕುತೂಹಲದ್ದು. ತುಕ್ಕು ಒರೆಸಿದ ಒಣ ಬೋಲ್ಟಿಗೂ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿದ ಬೋಲ್ಟಿಗೂ ಒಂದೇ ಒತ್ತಡ ಕೊಟ್ಟು ಮೈಕ್ರೋಮೀಟರಿನಲ್ಲಿ ಉದ್ದ ಅಳೆದೆ. ಪೇಸ್ಟ್ ಹಚ್ಚಿದ್ದು ಒಣ ಬೋಲ್ಟ್ ಹಿಗ್ಗಿದ್ದರ ಹೆಚ್ಚುಕಡಿಮೆ ಒಂದೂವರೆ ಪಟ್ಟು ಹಿಗ್ಗಿತ್ತು. ಒಣ ಬೋಲ್ಟಿನ ಚಾರ್ಟ್ ನೋಡಿ ಪೇಸ್ಟ್ ಹಚ್ಚಿದ ಬೋಲ್ಟನ್ನು ಬಿಗಿಯುವವರು ಅದನ್ನು ತುಂಡರಿಸಿ ರೆಂಚನ್ನು ಬೈಯುತ್ತಾರೆ.

ನಟ್ಟಿನ ಮೇಲೆ ಕಚ್ಚಿ ಕೂತ ರೆಂಚಿಗೆ ಸುತ್ತಿಗೆ ಬೇಡ. ಪಂಪ್‌ನ ಬಟನ್ ಒತ್ತಿ ಮತ್ತೆ ಒತ್ತಡ ಏರಿಸಿ, ಪಾಲ್‌ನ (ಹಲ್ಲುಚಕ್ರ ಹಿಂದೆ ತಿರುಗದಂತೆ ತಡೆಯುವ ಕೊಕ್ಕೆಯ) ಲಿವರನ್ನು ಹಿಂದಕ್ಕೆ ಎಳೆದು ಹಿಡಿದುಕೊಂಡೇ ಬಟನ್ ಬಿಡಿ; ತಾನೇ ಕಳಚುತ್ತದೆ.

"ಬಿಚ್ಚಲೇ ಇಲ್ಲ, ದುಡ್ಡು ಯಾಕೆ?" ಎನ್ನುವ ಗಿರಾಕಿಗಳೂ ಇದ್ದಾರೆ. ನೋಡುವುದಕ್ಕೆ ಒಂದೂವರೆ ಸಾವಿರ, ಚೌಕಾಶಿ ಇಲ್ಲ.