ಸರ್ಫೇಸ್ ಮೇಲಿನ ಬಣ್ಣ ಕೊನೆಗೂ ಸರಿಯಾದ ಜಾಗಕ್ಕೆ ಬಂತು

ಎಫ್‌ಎಂಆರ್‌ಐನಲ್ಲಿ ಸಿಕ್ಕ ಮೆದುಳಿನ ಚಟುವಟಿಕೆಯನ್ನು (ಆಕ್ಟಿವೇಶನ್) ಅಡ್ಡಕೊಯ್ತದ ಸ್ಲೈಸಿನಲ್ಲಿ ತೋರಿಸಬಹುದು, ಇಲ್ಲವೇ ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ನ ಮೇಲ್ಮೈ ಮಾದರಿಯ (ಸರ್ಫೇಸ್) ಮೇಲೆ ಬಣ್ಣವಾಗಿ ತೋರಿಸಬಹುದು. ‘ಸರ್ಫೇಸ್ ಚಿತ್ರ ಪೋಸ್ಟರಿಗೆ ಚೆಂದ, ಜಾಗ ತಿಳಿಯಬೇಕಾದರೆ ಸ್ಲೈಸನ್ನೇ ನೋಡಬೇಕು’ ಎಂದು ವಾದಿಸುತ್ತಿದ್ದವರೇ ಈಗ ನಮ್ಮ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಬೆರಳು ಆಡಿಸುವಾಗಿನ ಆಕ್ಟಿವೇಶನ್ ಸ್ಲೈಸಿನಲ್ಲಿ ಸೆಂಟ್ರಲ್ ಸಲ್ಕಸ್ ಎಂಬ ಸೀಳಿನ ಯಾವ ದಂಡೆಯಲ್ಲಿದೆಯೋ, ಸರ್ಫೇಸ್ ಮೇಲೂ ಅದೇ ದಂಡೆಯಲ್ಲಿ ಕೂರುತ್ತಿದೆ. ಫ್ರೀಸರ್ಫರ್ ಸಾಫ್ಟ್‌ವೇರಿನ ರೀಕಾನ್-ಆಲ್ (ಎಂಆರ್‌ಐ ಚಿತ್ರದಿಂದ ಸರ್ಫೇಸ್ ಕಟ್ಟುವ ಆದೇಶ) ಓಡಿಸಿ ಅಭ್ಯಾಸವಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು, ಕೈಕೊಟ್ಟ ದಾರಿಗಳು. ಸಿದ್ಧ ರೆಂಡರಿಂಗ್‌ಗಳು ಹೊರಮೈಯಿಂದ ಇಷ್ಟು ಮಿಲಿಮೀಟರ್ ಒಳಗೆ ಹುಡುಕಿ, ಸಿಕ್ಕ ಬಣ್ಣವನ್ನು ಮೇಲೆ ಬಳಿಯುತ್ತವೆ. ಆಳ 8 ಇದ್ದದ್ದನ್ನು 16 ಮಾಡಿದರೆ ಒಳಗೆ ಹುದುಗಿರುವ ಇನ್ಸುಲಾದ ಆಕ್ಟಿವೇಶನ್ ಅದನ್ನು ಮುಚ್ಚಿರುವ ಆಪರ್ಕ್ಯುಲಮ್ ಮೇಲೆ ಕಾಣಿಸಿಕೊಳ್ಳುತ್ತದೆ. ಎರಡನೆಯದು, ಎಂಎನ್‌ಐ152 ಎಂಬ ಸಾಮಾನ್ಯ ನಿರ್ದೇಶಾಂಕ ವ್ಯವಸ್ಥೆಯ ಗುಂಪು ನಕ್ಷೆಯನ್ನು ಎಫ್‌ಎಸ್‌ಆವರೇಜ್ (ಫ್ರೀಸರ್ಫರ್‌ನ ಸರಾಸರಿ ಸರ್ಫೇಸ್) ಮೇಲೆ ನೇರವಾಗಿ ಹಾಕುವುದು. ಎಫ್‌ಎಸ್‌ಆವರೇಜ್ ಇರುವುದು ಎಂಎನ್‌ಐ305 ಎಂಬ ಇನ್ನೊಂದು ವ್ಯವಸ್ಥೆಯಲ್ಲಿ. ಎರಡೂ ಕೆಲವು ಮಿಲಿಮೀಟರ್ ಹೊಂದುವುದಿಲ್ಲ. ಅಷ್ಟು ಸರಿದರೆ ಸಾಕು, ಬಣ್ಣ ಸಲ್ಕಸ್‌ನ ಎದುರು ದಂಡೆಗೆ ಹಾರುತ್ತದೆ. ಮೂರನೆಯದು, ಥ್ರೆಶೋಲ್ಡ್ ಮಾಡಿದ (ಮಿತಿಗಿಂತ ಕೆಳಗಿನದನ್ನು ಸೊನ್ನೆ ಮಾಡಿದ) ನಕ್ಷೆಯನ್ನು ಸ್ಯಾಂಪಲ್ ಮಾಡುವುದು, ಅಂದರೆ ಅದರ ಬೆಲೆಗಳನ್ನು ಸರ್ಫೇಸಿಗೆ ಎತ್ತುವುದು. ಸುತ್ತಲಿನ ಸೊನ್ನೆಗಳು ಟ್ರೈಲೀನಿಯರ್ ಇಂಟರ್‌ಪೊಲೇಶನ್‌ನಲ್ಲಿ (ನೆರೆಯ ಬೆಲೆಗಳ ತೂಕದ ಸರಾಸರಿ) ಬೆರೆತು ಅಂಚಿನ ಬೆಲೆ ಇಳಿಯುತ್ತದೆ, ಕ್ಲಸ್ಟರ್ ಕುಗ್ಗುತ್ತದೆ. ಪೂರ್ತಿ ನಕ್ಷೆಯನ್ನೇ ಸರ್ಫೇಸಿಗೆ ತಂದು, ಥ್ರೆಶೋಲ್ಡನ್ನು ಅಲ್ಲಿ ಹಾಕಿ. ಅಟ್ಲಾಸ್ ಲೇಬಲ್‌ಗಳಿಗೆ (ಮೆದುಳಿನ ಭಾಗಗಳ ಗುರುತು ಸಂಖ್ಯೆಗಳಿಗೆ) ಮಾತ್ರ ನಿಯರೆಸ್ಟ್, ಅಂದರೆ ಹತ್ತಿರದ ಒಂದೇ ಬೆಲೆ.

ನಮ್ಮಲ್ಲಿ ಕೆಲಸ ಮಾಡಿದ ಕ್ರಮ ಇದು. ಸ್ಮೂತ್ ಮಾಡದ (ಮಸುಕುಗೊಳಿಸದ) ಸರಾಸರಿ ಇಪಿಐಯನ್ನು (ಎಫ್‌ಎಂಆರ್‌ಐ ಸ್ಕ್ಯಾನಿನ ಚಿತ್ರ) ಅದನ್ನು ವ್ಯಕ್ತಿಯ ರಚನಾ ಚಿತ್ರಕ್ಕೆ ಹೊಂದಿಸುವ ಬಿಬಿರಿಜಿಸ್ಟರ್‌ಗೆ ಕೊಡಬೇಕು. ಹೊಂದಿಕೆ ಎಷ್ಟು ಕೆಟ್ಟಿದೆ ಎಂದು ಹೇಳುವ ಮಿನ್‌ಕಾಸ್ಟ್ ಫೈಲಿನ ಮೊದಲ ಅಂಕಿ 0.5ರ ಆಸುಪಾಸು ಅಥವಾ ಕೆಳಗಿದ್ದರೆ ಮುಂದುವರಿಯುತ್ತೇವೆ, 0.8ರ ಹತ್ತಿರ ಬಂದರೆ ಆ ರಿಜಿಸ್ಟ್ರೇಶನ್ ನಂಬುವುದಿಲ್ಲ. ಅಂಕಿ ಎಷ್ಟೇ ಇರಲಿ, ಫ್ರೀವ್ಯೂನಲ್ಲಿ ಒಮ್ಮೆ ಕಣ್ಣಾರೆ ನೋಡಲೇಬೇಕು. ಇಪಿಐ ಮೆದುಳಿನ ಒಂದು ಭಾಗವನ್ನಷ್ಟೇ ತೆಗೆದಿದ್ದರೆ, ಪೂರ್ತಿ ಮೆದುಳಿನ ಒಂದು ಇಪಿಐ ನಡುವೆ ಇಟ್ಟು ಎರಡು ಹಂತದಲ್ಲಿ ಹೊಂದಿಸಬೇಕು. ಸ್ಯಾಂಪಲ್ ಮಾಡುವುದು ಆಯಾ ವ್ಯಕ್ತಿಯ ಸರ್ಫೇಸ್ ಮೇಲೆಯೇ. ಎಫ್‌ಎಸ್‌ಆವರೇಜ್‌ಗೆ ಹೋಗುವುದು ಆಮೇಲೆ.

ಕಾರ್ಟೆಕ್ಸ್‌ನ ದಪ್ಪ ಸರಾಸರಿ ಎರಡೂವರೆ ಮಿ.ಮೀ., ನಮ್ಮ ವೋಕ್ಸೆಲ್ (ಚಿತ್ರದ ಘನ ಕಣ) 3. ಪ್ರೊಜ್‌ಫ್ರಾಕ್ (ಕಾರ್ಟೆಕ್ಸ್‌ನ ಒಳ ಅಂಚು 0, ಹೊರ ಅಂಚು 1 ಎಂದಿಟ್ಟ ಆಳದ ಅಳತೆ) 0.2ರಿಂದ 0.8ರವರೆಗೆ 0.1ರ ಹೆಜ್ಜೆಯಲ್ಲಿ ಸರಾಸರಿ ತೆಗೆಯುತ್ತೇವೆ. ಸೊನ್ನೆಯಿಂದ ಶುರುಮಾಡಿದರೆ ವೈಟ್ ಮ್ಯಾಟರ್ ಬೆರೆಯುತ್ತದೆ. ಒಂದರವರೆಗೆ ಹೋದರೆ ಮೇಲಿನ ರಕ್ತನಾಳದ ಜೊತೆಗೆ ಎದುರು ದಂಡೆಯ ಸಿಗ್ನಲ್ಲೂ ಬರುತ್ತದೆ. ಸ್ಮೂತಿಂಗ್ ಸರ್ಫೇಸ್ ಮೇಲೆ ಮಾತ್ರ, 5 ಮಿ.ಮೀ. ಸಾಕು. ವಾಲ್ಯೂಮಿನಲ್ಲೇ (ಮೂರು ಆಯಾಮದ ಚಿತ್ರದಲ್ಲೇ) 8 ಮಿ.ಮೀ. ಹಾಕಿ ತಂದರೆ ಸಲ್ಕಸ್‌ನ ಎರಡೂ ದಂಡೆ ಆಗಲೇ ಬೆರೆತಿರುತ್ತವೆ, ಮುಂದೆ ಬೇರ್ಪಡಿಸಲಾಗದು.

ಅನುಮಾನಿಸಿದವರ ಬಾಯಿ ಮುಚ್ಚಿಸಿದ್ದು ಒಂದು ಪರೀಕ್ಷೆ. ಪ್ರತಿ ವೋಕ್ಸೆಲ್‌ನಲ್ಲಿ ಅದರದೇ ಎಕ್ಸ್ (ಎಡ-ಬಲ) ನಿರ್ದೇಶಾಂಕದ ಮಿಲಿಮೀಟರ್ ಬೆಲೆ ತುಂಬಿದ ವಾಲ್ಯೂಮ್ ಮಾಡಿ. ಫ್ಲೋಟ್‌ನಲ್ಲೇ ಉಳಿಸಿ, ಇಂಟಿಜರ್ ಆದರೆ ಬೆಲೆ ದುಂಡಾಗಿಬಿಡುತ್ತದೆ. ಅದನ್ನು ಟ್ರೈಲೀನಿಯರ್‌ನಲ್ಲಿ ವೈಟ್ ಸರ್ಫೇಸಿಗೆ (ಕಾರ್ಟೆಕ್ಸ್‌ನ ಒಳ ಅಂಚು) ತಂದು ವರ್ಟೆಕ್ಸ್‌ಗಳ (ಸರ್ಫೇಸಿನ ಬಿಂದುಗಳ) ಎಕ್ಸ್ ಜೊತೆ ಹೋಲಿಸಿ. ಎರಡೂ ಸ್ಕ್ಯಾನರ್ ನಿರ್ದೇಶಾಂಕದಲ್ಲಿರಬೇಕು. ವ್ಯತ್ಯಾಸ ಸೊನ್ನೆಗೆ ಅಂಟಿಕೊಂಡಿರಬೇಕು. ಎಲ್ಲ ವರ್ಟೆಕ್ಸ್‌ನಲ್ಲೂ ಒಂದೇ ಅಂತರವಿದ್ದರೆ ಸಿ-ಆರ್‌ಎಎಸ್ (ವಾಲ್ಯೂಮಿನ ಕೇಂದ್ರದ ಸ್ಥಾನ) ಬಿಟ್ಟುಹೋಗಿದೆ. ಅದು ಸರಿಯಾಗಿ ಒಂದು ವೋಕ್ಸೆಲ್‌ನಷ್ಟಿದ್ದರೆ ಯಾರೋ ಎಣಿಕೆಯನ್ನು ಸೊನ್ನೆಯ ಬದಲು ಒಂದರಿಂದ ಶುರುಮಾಡಿದ್ದಾರೆ. ಚಿಹ್ನೆ ತಿರುಗಿದ್ದರೆ ಎಡ-ಬಲ ಅದಲುಬದಲು. ವೈ, ಜೆಡ್‌ಗೂ ಇದೇ ಪರೀಕ್ಷೆ. ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಹೇಳುವ ಪರೀಕ್ಷೆ ಬೇರೊಂದಿಲ್ಲ. ಆದರೆ ಇದು ಬಿಬಿರಿಜಿಸ್ಟರ್‌ನ ಗುಣಮಟ್ಟವನ್ನು ಅಳೆಯುವುದಿಲ್ಲ, ಇಪಿಐ ಹಿಗ್ಗುಕುಗ್ಗನ್ನೂ ತೋರಿಸುವುದಿಲ್ಲ; ಕಣ್ಣಿನ ಮೇಲಿರುವ ಆರ್ಬಿಟೋಫ್ರಂಟಲ್ ಭಾಗಕ್ಕೆ ಆ ಹಿಗ್ಗುಕುಗ್ಗು ಸರಿಪಡಿಸುವ ಫೀಲ್ಡ್‌ಮ್ಯಾಪ್ ಬೇಕೇ ಬೇಕು.

ಪಕ್ಕದಲ್ಲೊಂದು ಪ್ರಯೋಗ: 3 ಮಿ.ಮೀ. ನಕ್ಷೆಯನ್ನು ಮೊದಲು 1 ಮಿ.ಮೀ.ಗೆ ರೀಸ್ಲೈಸ್ ಮಾಡಿ ನೋಡಿದೆವು. ಫೈಲು 27 ಪಟ್ಟು, ಲಾಭ ಏನೂ ಇಲ್ಲ, ಇಂಟರ್‌ಪೊಲೇಶನ್ ಎರಡು ಸಲ.

ಖರ್ಚು ಸಾಫ್ಟ್‌ವೇರಿಗಲ್ಲ, ಫ್ರೀಸರ್ಫರ್, ಸರ್ಫೇಸ್ ತೋರಿಸುವ ಕನೆಕ್ಟೋಮ್ ವರ್ಕ್‌ಬೆಂಚ್ ಎರಡೂ ಉಚಿತ. ಹೋದದ್ದು ಸಮಯ ಮತ್ತು ಕರೆಂಟು. ಒಬ್ಬರಿಗೆ ಆರೆಂಟು ಗಂಟೆ ರೀಕಾನ್-ಆಲ್, ನಡುವೆ ಕರೆಂಟು ಹೋದರೆ ‘ಓಡುತ್ತಿದೆ’ ಎಂದು ಗುರುತಿಡುವ ಈಸ್‌ರನ್ನಿಂಗ್ ಫೈಲು ಅಳಿಸಿ ಮತ್ತೆ ಹಚ್ಚಬೇಕು. ಹದಿನೈದು ಸಾವಿರದ ಆಸುಪಾಸಿನ ಯುಪಿಎಸ್ ಹೊಸ ಗ್ರಾಫಿಕ್ಸ್ ಕಾರ್ಡಿಗಿಂತ ಹೆಚ್ಚು ಕೆಲಸಕ್ಕೆ ಬಂತು.

ಬಣ್ಣದ ಪಟ್ಟಿ ಸಿಗ್ ನಕ್ಷೆಯಲ್ಲಿ (ಪಿ ಬೆಲೆಯ ಋಣ ಲಾಗ್10) 3ರಿಂದ, ಅಂದರೆ ಪಿ 0.001ರಿಂದ. ಪಟ್ಟಿಯ ನಡುವೆ ಬಣ್ಣ ಬದಲಾಗುವ ತಿರುವು ಎಲ್ಲಿಡುತ್ತೇವೆ ಎಂಬುದನ್ನು ನಮ್ಮ ಪ್ರಬಂಧ ಅಚ್ಚಾದ ಮೇಲೆ ಹೇಳುತ್ತೇನೆ. ಮೀಡಿಯಲ್ ವಾಲ್‌ಗೆ (ಅರ್ಧಗೋಳದ ಒಳಮೈಯಲ್ಲಿ ಕಾರ್ಟೆಕ್ಸ್ ಇಲ್ಲದ ಜಾಗ) ಕಾರ್ಟೆಕ್ಸ್ ಲೇಬಲ್‌ನಿಂದ ಮಾಸ್ಕ್ ಹಾಕಿ. ಸರ್ಫೇಸ್ ಮೇಲೆ ಬಾರದ ಒಳಭಾಗಗಳಾದ ಥಲಾಮಸ್, ಅಮಿಗ್ಡಾಲಾ ಇದ್ದರೆ ಪಕ್ಕದಲ್ಲಿ ಸ್ಲೈಸ್ ಇರಲಿ. ಕ್ಲಸ್ಟರಿನ ವಿಸ್ತೀರ್ಣವನ್ನು ಇನ್‌ಫ್ಲೇಟೆಡ್ (ಮಡಿಕೆ ಬಿಡಿಸಿ ಉಬ್ಬಿಸಿದ) ಚಿತ್ರ ನೋಡಿ ಅಂದಾಜಿಸಬೇಡಿ, ವೈಟ್ ಸರ್ಫೇಸ್ ಮೇಲೆ ಲೆಕ್ಕ ಹಾಕಿ ಬರೆಯಿರಿ.